ಮನೆ ಸೇರಿದ ಮೇಲೆ ಮೆಸೇಜ್ ಮಾಡು

ಹತ್ತು ಗಂಟೆಗೆ ಬರಬೇಕಿದ್ದ ಮೆಸೇಜ್ ಹತ್ತೂವರೆಯಾದರೂ ಬಂದಿರಲಿಲ್ಲ.

ನನ್ನ ಗೆಳತಿ ಅವತ್ತು ಒಬ್ಬನನ್ನು ಮೊದಲ ಸಲ ಭೇಟಿಯಾಗಲು ಹೋಗಿದ್ದಳು. ಡೇಟಿಂಗ್ ಆ್ಯಪ್‌ನಲ್ಲಿ ಆದ ಪರಿಚಯ. ನಮ್ಮಿಬ್ಬರಲ್ಲಿ ಹಳೆಯ ಒಪ್ಪಂದವೊಂದಿದೆ. ಯಾರೇ ಹೊಸಬರನ್ನು ನೋಡಲು ಹೋದರೂ ಅವನ ಹೆಸರು, ಫೋಟೋ, ನಂಬರ್, ಸೇರುವ ಜಾಗ ಇನ್ನೊಬ್ಬಳಿಗೆ ಗೊತ್ತಿರಬೇಕು. ಮನೆ ಸೇರಿದ ಕೂಡಲೇ ಮೆಸೇಜ್ ಮಾಡಬೇಕು. ಅದು ಬರುವವರೆಗೆ ಇನ್ನೊಬ್ಬಳು ಮಲಗುವ ಹಾಗಿಲ್ಲ.

ನಾನು ಫೋನನ್ನೇ ನೋಡುತ್ತಾ ಕೂತಿದ್ದೆ. ಫೋನ್ ಮಾಡಿಬಿಡೋಣ ಅನ್ನಿಸುತ್ತಿತ್ತು. ಆಮೇಲೆ, ಇಬ್ಬರೂ ಚೆನ್ನಾಗಿ ಮಾತಾಡ್ತಾ ಕೂತಿದ್ದರೆ ಸುಮ್ನೆ ನಡುವೆ ಹೋದ ಹಾಗಾಗುತ್ತಲ್ಲ ಅಂತ ತಡೆಯುತ್ತಿದ್ದೆ. ಹತ್ತು ಐವತ್ತಕ್ಕೆ ಬಂತು. 'ಸೇರಿದೆ. ನಾಳೆ ಹೇಳ್ತೀನಿ.'

ಮರುದಿನ ಹೇಳಿದಳು. ಏನೂ ಆಗಿರಲಿಲ್ಲ. ಒಂಬತ್ತಕ್ಕೇ ಏಳಬೇಕು ಅನ್ನಿಸಿತ್ತಂತೆ. ಎದ್ದಾಗ ಅವನು 'ಇಷ್ಟು ಬೇಗನಾ?' ಅಂದ. ಕೂತಳು. ಇನ್ನೊಂದು ಕಾಫಿ ತರಿಸಿದ. ಕುಡಿದಳು. ಕಾರಲ್ಲಿ ಬಿಡ್ತೀನಿ ಅಂದಾಗ ಬೇಡ ಅನ್ನಲು ಬಾಯಿ ಬರಲಿಲ್ಲ. ಮನೆಗಿಂತ ಎರಡು ಬೀದಿ ಹಿಂದೆಯೇ 'ಇಲ್ಲೇ ನಮ್ಮನೆ' ಅಂತ ಇಳಿದು, ಯಾರದ್ದೋ ಗೇಟಿನ ಮುಂದೆ ನಿಂತು, ಅವನ ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಡೆದು ಬಂದಳು.

'ಅವನೇನೂ ಕೆಟ್ಟವನಲ್ಲ ಕಣೇ,' ಅಂದಳು. 'ಆದ್ರೆ ಮನೆ ಗೊತ್ತಾಗೋದು ಬೇಡ ಅನ್ನಿಸ್ತು.'

ನಾನು ಹಾರರ್ ಸಿನಿಮಾಗಳನ್ನು ತುಂಬಾ ಇಷ್ಟಪಟ್ಟು ನೋಡುವವಳು. ಅದರಲ್ಲೂ ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಡೇಟಿಂಗ್ ಸುತ್ತ ಬಂದವುಗಳಲ್ಲಿ ಬಹಳಷ್ಟನ್ನು ನೋಡಿದ್ದೇನೆ. ಆ ರಾತ್ರಿ ಆದ ಮೇಲೆ ಅವುಗಳಲ್ಲಿ ಕೆಲವನ್ನು ಮತ್ತೆ ನೋಡಿದೆ. ಮೊದಲು ನನ್ನ ಕಣ್ಣು ಹುಡುಗಿಯ ಮೇಲೆ, ಆ ರಾಕ್ಷಸನ ಮೇಲೆ ಇರುತ್ತಿತ್ತು. ಈ ಸಲ ಇನ್ನೊಬ್ಬರು ಕಂಡರು. ಹೊರಗೆ ಕಾಯುವವರು. ಮೆಸೇಜ್ ಬರಲಿಲ್ಲವಲ್ಲ ಅಂತ ಚಡಪಡಿಸುವವರು. ಸಿನಿಮಾಗಳ ಕೊನೆಯನ್ನೂ ಹೇಳಿಬಿಡುತ್ತೇನೆ, ಅದಿಲ್ಲದೆ ನನ್ನ ಮಾತು ಪೂರ್ತಿಯಾಗಲ್ಲ. ನೋಡದವರು ನೋಡಿಬಂದು ಓದಿದರೂ ಸರಿ.

'ಫ್ರೆಶ್' 2022ರಲ್ಲಿ ಬಂತು. ಮಿಮಿ ಕೇವ್ ನಿರ್ದೇಶನ. ಶುರುವಿನಲ್ಲಿ ನೋವಾ ಅನ್ನುವ ಹುಡುಗಿ ಆ್ಯಪ್‌ನಲ್ಲಿ ಸಿಕ್ಕ ಚ್ಯಾಡ್ ಜೊತೆ ಊಟಕ್ಕೆ ಹೋಗುತ್ತಾಳೆ. ಅವನು ಅವಳ ಬಟ್ಟೆ ಸರಿಯಿಲ್ಲ ಅನ್ನುವ ಹಾಗೆ ಮಾತಾಡುತ್ತಾನೆ. ಮತ್ತೆ ಸಿಗೋದು ಬೇಡ ಅಂದದ್ದೇ ತಡ, ಬೈದು ಹೋಗುತ್ತಾನೆ. ಹೀಗೆ ಬೇಸತ್ತವಳಿಗೆ ಅಂಗಡಿಯ ಹಣ್ಣಿನ ಸಾಲಿನಲ್ಲಿ ಸ್ಟೀವ್ ಸಿಗುತ್ತಾನೆ. ನಗಿಸುತ್ತಾನೆ. ಡಾಕ್ಟರು ಬೇರೆ. ಸೋಶಿಯಲ್ ಮೀಡಿಯಾದಲ್ಲಿ ಎಲ್ಲೂ ಇಲ್ಲ. ನೋವಾಗೆ ಅದು ಮುದ್ದಾಗಿ ಕಾಣುತ್ತದೆ. ಅವಳ ಗೆಳತಿ ಮಾಲಿಗೆ ಅದು ಸರಿ ಕಾಣುವುದಿಲ್ಲ.

ಇಲ್ಲಿ ನನಗೆ ಹಿಡಿಸಿದ್ದು ಒಂದಿದೆ. ರಾಕ್ಷಸ ಆ್ಯಪ್‌ನಿಂದ ಬರುವುದಿಲ್ಲ. ಆ್ಯಪ್ ಅವಳನ್ನು ದಣಿಸುತ್ತದೆ, ಅಷ್ಟೇ. ದಿನವೂ ನೂರು ಮುಖಗಳನ್ನು ಬೆರಳಲ್ಲಿ ಸರಿಸಿ ಸರಿಸಿ, ಎದುರು ನಿಂತು ಮಾತಾಡಿಸಿದ ಒಬ್ಬ ಮನುಷ್ಯ ಸಿಕ್ಕರೆ ಸಾಕು ಅನ್ನುವ ಸ್ಥಿತಿಗೆ ಬಂದಿರುತ್ತಾಳೆ. ಆ ದಣಿವನ್ನು ಸಿನಿಮಾ ಅವಸರ ಮಾಡದೆ ತೋರಿಸುತ್ತದೆ. ಹೆಸರು ತೆರೆಯ ಮೇಲೆ ಬರುವುದೇ ಅರ್ಧ ಗಂಟೆ ದಾಟಿದ ಮೇಲೆ. ಅಲ್ಲಿಯವರೆಗೆ ನಾವು ನೋಡುತ್ತಿದ್ದದ್ದು ಪ್ರೇಮಕಥೆ. ಆಮೇಲೆ ಅವಳಿಗೆ ಎಚ್ಚರವಾದಾಗ ನೆಲಕ್ಕೆ ಸರಪಳಿಯಿಂದ ಬಿಗಿದಿರುತ್ತಾರೆ. ಸ್ಟೀವ್ ಹೆಂಗಸರ ಮಾಂಸವನ್ನು ದುಡ್ಡಿರುವ ಗಂಡಸರಿಗೆ ಮಾರುವವನು.

ಆ ಮಾಂಸದ ದೃಶ್ಯಗಳು ನನಗೆ ಅಷ್ಟು ಹಿಡಿಸಲಿಲ್ಲ. ಚಂದದ ಹಾಡು, ಚಂದದ ಅಡುಗೆಮನೆ ಜಾಸ್ತಿಯಾಯಿತು. ನನ್ನನ್ನು ನಿಜಕ್ಕೂ ನಡುಗಿಸಿದ್ದು ಅದಕ್ಕೂ ಮುಂಚಿನ ಪಯಣ. ವಾರದ ಕೊನೆಗೆ ಎಲ್ಲಿಗೋ ಕರೆದೊಯ್ಯುತ್ತಾನೆ, ಎಲ್ಲಿಗೆ ಅನ್ನುವುದು ಅವಳಿಗೂ ಗೊತ್ತಿಲ್ಲ. ಸರ್ಪ್ರೈಸ್ ಅಂತೆ. ಅಂದರೆ ಮಾಲಿಗೂ ಗೊತ್ತಿಲ್ಲ. ದಾರಿಯಲ್ಲಿ ಫೋನಿನ ಸಿಗ್ನಲ್ ಹೋಗುತ್ತದೆ. ಕತ್ತಿ ಕಾಣಿಸುವ ಎಷ್ಟೋ ಮೊದಲೇ ಅವನ ಕೆಲಸ ಮುಗಿದಿದೆ. ಅವಳು ಎಲ್ಲಿದ್ದಾಳೆ ಅಂತ ತಿಳಿದವರು ಈಗ ಅವನನ್ನು ಬಿಟ್ಟರೆ ಯಾರೂ ಇಲ್ಲ. ಆಮೇಲೆ ನೋವಾಳ ಫೋನಿಂದ ಮಾಲಿಗೆ ಉತ್ತರ ಕಳಿಸುವುದೂ ಅವನೇ.

ಆ ಉತ್ತರ ತನ್ನ ಗೆಳತಿಯದಲ್ಲ ಅಂತ ಮಾಲಿಗೆ ಅನ್ನಿಸುತ್ತದೆ. ಇದನ್ನು ನಾನು ಪೂರ್ತಿ ನಂಬುತ್ತೇನೆ. ನನ್ನ ಗೆಳತಿ ಎಷ್ಟು ಚುಕ್ಕಿ ಇಡುತ್ತಾಳೆ, ಯಾವ ಅಕ್ಷರ ನುಂಗುತ್ತಾಳೆ ಅಂತ ನನಗೆ ಗೊತ್ತು. ಅವಳ ಹೆಸರಲ್ಲಿ ಬೇರೆಯವರು ಬರೆದರೆ ಒಂದೇ ಸಾಲಿಗೆ ಹಿಡಿಯುತ್ತೇನೆ. ಮಾಲಿ ಹುಡುಕುತ್ತಾ ಸ್ಟೀವ್‌ನ ಮನೆಯನ್ನೇ ಪತ್ತೆ ಮಾಡುತ್ತಾಳೆ. ಅಲ್ಲಿ ಅವನ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ಮಾಲಿ ನೋವಾಳ ನಂಬರಿಗೆ ಫೋನ್ ಮಾಡುತ್ತಾಳೆ. ರಿಂಗ್ ಆ ಮನೆಯೊಳಗೇ ಕೇಳಿಸುತ್ತದೆ. ಆ ಹೆಂಡತಿಗೆ ಎಲ್ಲವೂ ಗೊತ್ತು. ಅವಳ ಹೆಸರು ಆ್ಯನ್.

ಆ ಹೆಸರು ಕೇಳಿದಾಗ ನನಗೆ ನೀಲಿಗಡ್ಡದವನ ಕಥೆ ನೆನಪಾಯಿತು. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕಥೆ. ನೀಲಿ ಗಡ್ಡದ ಸಾಹುಕಾರ. ಹಿಂದಿನ ಹೆಂಡತಿಯರು ಏನಾದರು ಅಂತ ಯಾರಿಗೂ ಗೊತ್ತಿಲ್ಲ. ಹೊಸ ಹೆಂಡತಿಯ ಕೈಗೆ ಮನೆಯ ಎಲ್ಲ ಬೀಗದ ಕೈಗಳನ್ನೂ ಕೊಟ್ಟು, ಒಂದು ಕೋಣೆ ಮಾತ್ರ ತೆರೆಯಬೇಡ ಅಂತ ಹೇಳಿ ಹೋಗುತ್ತಾನೆ. ಅವಳು ತೆರೆಯುತ್ತಾಳೆ. ಒಳಗೆ ಆ ಹೆಂಡತಿಯರ ಹೆಣಗಳು. ವಾಪಸು ಬಂದ ಗಂಡ ಇವಳನ್ನೂ ಕೊಲ್ಲಲು ನಿಂತಾಗ, ಪ್ರಾರ್ಥನೆಗೆ ಸ್ವಲ್ಪ ಹೊತ್ತು ಕೊಡು ಅಂತ ಬೇಡುತ್ತಾಳೆ.

ಇದು ಸುಮಾರು ಜನಕ್ಕೆ ಗೊತ್ತು. ಇದರಾಚೆ ನಡೆಯುವುದನ್ನು ಎಲ್ಲರೂ ಮರೆಯುತ್ತಾರೆ. ಅವಳ ಒಡಹುಟ್ಟಿದವಳು ಆ್ಯನ್ ಅದೇ ಮನೆಯಲ್ಲಿದ್ದಾಳೆ. ಗೋಪುರ ಹತ್ತಿ ದಾರಿ ನೋಡು ಅಂತ ಇವಳು ಕಳಿಸುತ್ತಾಳೆ. ಅಣ್ಣತಮ್ಮಂದಿರು ಅವತ್ತು ಬರುತ್ತೇವೆ ಅಂದಿರುತ್ತಾರೆ. ಕೆಳಗಿನಿಂದ ಮತ್ತೆ ಮತ್ತೆ ಕೇಳುತ್ತಾಳೆ, ಯಾರಾದರೂ ಬರುವುದು ಕಾಣ್ತಿದೆಯಾ? ಬಿಸಿಲಲ್ಲಿ ಧೂಳು, ಹಸಿರು ಹುಲ್ಲು, ಇನ್ನೇನೂ ಇಲ್ಲ. ಮತ್ತೆ ದೂರದಲ್ಲಿ ಧೂಳೆದ್ದಾಗ ಕುರಿಮಂದೆ. ಕೊನೆಗೆ ಇಬ್ಬರು ಸವಾರರು.

ಕಥೆಯ ಕೊನೆಗೆ ಪೆರೋ ಕುತೂಹಲ ಒಳ್ಳೆಯದಲ್ಲ ಅಂತ ನೀತಿ ಸೇರಿಸಿದ್ದಾನೆ. ನಾನು ಇದನ್ನು ಒಪ್ಪುವುದಿಲ್ಲ. ಬಾಗಿಲು ತೆರೆಯದೇ ಇದ್ದಿದ್ದರೆ ಅವಳು ಆ ಮನೆಯಲ್ಲಿ ಏನೂ ಗೊತ್ತಿಲ್ಲದೆ ಬದುಕಬೇಕಿತ್ತು. ಅವಳನ್ನು ಉಳಿಸಿದ್ದು ಗೋಪುರದ ಮೇಲಿನ ಎರಡು ಕಣ್ಣು. 'ಫ್ರೆಶ್' ಸಿನಿಮಾದಲ್ಲಿ ಆ್ಯನ್ ಕೆಳಗಿಳಿದು ಗಂಡನ ಪಕ್ಕ ನಿಂತಿದ್ದಾಳೆ. ಗೋಪುರ ಹತ್ತಿದವಳು ಮಾಲಿ. ಇಲ್ಲಿ ಸವಾರರೂ ಬರುವುದಿಲ್ಲ. ಮಾಲಿಗೆ ಪರಿಚಯದ ಪಾಲ್ ಆ ಮನೆಯವರೆಗೆ ಬಂದು, ಗುಂಡಿನ ಸದ್ದು ಕೇಳಿ, ಕಾರು ತಿರುಗಿಸಿಕೊಂಡು ಹೋಗಿಬಿಡುತ್ತಾನೆ. ಸಿಕ್ಕಿಬಿದ್ದ ಹೆಂಗಸರೇ ಒಬ್ಬರನ್ನೊಬ್ಬರು ಬಿಡಿಸಿಕೊಳ್ಳಬೇಕು. ಎಲ್ಲ ಮುಗಿದು ಕೂತಾಗ ನೋವಾಳ ಫೋನಿಗೆ ಚ್ಯಾಡ್‌ನ ಮೆಸೇಜ್ ಬರುತ್ತದೆ, ಎದ್ದಿದೀಯಾ ಅಂತ.

ಗೋಪುರದಿಂದ ಕೂಗಿದರೂ ಕೆಳಗಿನವರು ಕೇಳಬೇಕಲ್ಲ. ಜಪಾನಿನ 'ಆಡಿಶನ್' 1999ರದು, ತಕಾಶಿ ಮೀಕೆ ತೆಗೆದದ್ದು. ಆ್ಯಪ್‌ಗಳ ಕಾಲಕ್ಕೂ ಮುಂಚಿನದಾದರೂ ಆ್ಯಪ್‌ನ ಗುಣವೆಲ್ಲ ಅದರಲ್ಲಿದೆ. ಹೆಂಡತಿ ತೀರಿಕೊಂಡ ನಡುವಯಸ್ಸಿನವನು ಮತ್ತೆ ಮದುವೆಯಾಗಬೇಕು. ಸಿನಿಮಾದವನಾದ ಗೆಳೆಯ ಸುಳ್ಳು ಆಡಿಶನ್ ಏರ್ಪಡಿಸುತ್ತಾನೆ. ಹುಡುಗಿಯರು ಪಾತ್ರ ಸಿಗುತ್ತದೆ ಅಂತ ಬಂದು ಕೂತು ಬದುಕಿನ ಕಥೆ ಹೇಳಿಕೊಳ್ಳುತ್ತಾರೆ, ಇವರು ಹೆಂಡತಿ ಆರಿಸುತ್ತಾರೆ. ಅವನು ಅಸಾಮಿ ಅನ್ನುವ ಹುಡುಗಿಯನ್ನು ಮೆಚ್ಚುತ್ತಾನೆ. ಅವಳು ಬರೆದುಕೊಟ್ಟ ವಿವರ ತಾಳೆಯಾಗುತ್ತಿಲ್ಲ, ಸ್ವಲ್ಪ ತಡಿ ಅಂತ ಅದೇ ಗೆಳೆಯ ಎಚ್ಚರಿಸುತ್ತಾನೆ. ಇವನು ಕೇಳುವುದಿಲ್ಲ. ಆಚೆ ಅಸಾಮಿಯ ಖಾಲಿ ಕೋಣೆಯಲ್ಲಿ ಫೋನ್ ರಿಂಗಾಗುತ್ತದೆ, ಮೂಲೆಯ ಗೋಣಿಚೀಲ ಸಟ್ಟನೆ ಅಲುಗುತ್ತದೆ. ಅವಳು ಅವನಿಗೆ ಕೊಡುವ ಹಿಂಸೆಯನ್ನು ನೋಡುವುದು ಬಹಳ ಕಷ್ಟ. ಮೊದಲ ಸುಳ್ಳು ಅವನದು ಅನ್ನುವುದನ್ನೂ ನಾನು ಮರೆಯಲಾರೆ.

ನಿಜವಾಗಿ ನಡೆದ ಒಂದು ಘಟನೆಯೂ ಇದೆ. 1978ರಲ್ಲಿ, ಹುಡುಗಿಯೊಬ್ಬಳು ಮೂವರಲ್ಲಿ ಒಬ್ಬನನ್ನು ಡೇಟಿಗೆ ಆರಿಸುವ ಅಮೆರಿಕದ ಟಿವಿಯ 'ದಿ ಡೇಟಿಂಗ್ ಗೇಮ್' ಕಾರ್ಯಕ್ರಮಕ್ಕೆ ರಾಡ್ನಿ ಅಲ್ಕಾಲಾ ಅನ್ನುವವನು ಬಂದಿದ್ದ. ಮಗುವಿನ ಮೇಲೆ ದೌರ್ಜನ್ಯ ಮಾಡಿ ಜೈಲಿಗೆ ಹೋಗಿಬಂದವನು. ಅಷ್ಟರಲ್ಲಿ ಕೊಲೆಗಳನ್ನೂ ಮಾಡಿದ್ದ. ಕಾರ್ಯಕ್ರಮದಲ್ಲಿ ಆ ಹುಡುಗಿ ಇವನನ್ನೇ ಆರಿಸಿದಳು. ಆಮೇಲೆ ಮಾತಾಡಿದಾಗ ಏನೋ ಸರಿ ಅನ್ನಿಸದೆ ಜೊತೆಗೆ ಹೋಗಲು ಒಪ್ಪಲಿಲ್ಲ. ಮರುವರ್ಷ ಅವನು ಸಿಕ್ಕಿಬಿದ್ದ. 2021ರಲ್ಲಿ ಕೈದಿಯಾಗಿಯೇ ಸತ್ತ.

ನಟಿ ಆ್ಯನಾ ಕೆಂಡ್ರಿಕ್ ಇದನ್ನೇ ಇಟ್ಟುಕೊಂಡು 'ವುಮನ್ ಆಫ್ ದಿ ಅವರ್' ಮಾಡಿದರು. ಅವರ ನಿರ್ದೇಶನದ ಮೊದಲ ಸಿನಿಮಾ. ಅದರಲ್ಲಿ ಪ್ರೇಕ್ಷಕರ ನಡುವೆ ಕೂತ ಒಬ್ಬಳು ಅವನ ಗುರುತು ಹಿಡಿಯುತ್ತಾಳೆ. ತನ್ನ ಗೆಳತಿಯ ಸಾವಿಗೆ ಇವನೇ ಕಾರಣ ಅಂತ ಅವಳಿಗೆ ಗೊತ್ತು. ಹೇಳಲು ಓಡಾಡುತ್ತಾಳೆ. ಯಾರೂ ಕಿವಿಗೊಡುವುದಿಲ್ಲ. ಈ ಪಾತ್ರ ಸಿನಿಮಾದವರು ಸೇರಿಸಿದ್ದು. ಸೇರಿಸಿದ್ದು ಸರಿ ಅನ್ನಿಸಿತು ನನಗೆ. ಅವಳೂ ಗೋಪುರದ ಮೇಲಿರುವವಳೇ.

ಅದೇ ಸಿನಿಮಾದ ಕಾರ್ ನಿಲ್ಲಿಸುವ ಜಾಗದ ದೃಶ್ಯ ನನ್ನ ತಲೆಯಿಂದ ಹೋಗಿಲ್ಲ. ಕತ್ತಲು. ಅವನು ತನ್ನನ್ನು ಆರಿಸಿದ ಹುಡುಗಿಯ ಫೋನ್ ನಂಬರ್ ಕೇಳುತ್ತಾನೆ. ಅವಳು ಬಾಯಿಗೆ ಬಂದ ನಂಬರ್ ಹೇಳುತ್ತಾಳೆ. ಇನ್ನೊಂದು ಸಲ ಹೇಳು ಅನ್ನುತ್ತಾನೆ. ಆ ಎರಡನೇ ಸಲ ಅವಳ ಮುಖ ನೋಡಬೇಕು. ಸುಳ್ಳು ನಂಬರ್ ಕೊಟ್ಟು ಅಭ್ಯಾಸವಿರುವ ಹೆಣ್ಣುಮಕ್ಕಳಿಗೆಲ್ಲ ಎದೆ ಧಸಕ್ ಅನ್ನುವ ಕ್ಷಣ ಅದು. ರಕ್ತವಿಲ್ಲ, ಕೂಗಾಟವಿಲ್ಲ. ಅಷ್ಟರಲ್ಲಿ ಒಂದಷ್ಟು ಜನ ಆ ಕಡೆ ಬರುತ್ತಾರೆ. ಅವರಿಗೆ ಏನೂ ಗೊತ್ತಿಲ್ಲ, ಕೆಲಸ ಮುಗಿಸಿ ಹೊರಟವರು. ಅವರು ಬಂದದ್ದಕ್ಕೆ ಅವಳು ಉಳಿಯುತ್ತಾಳೆ.

ನನ್ನ ಗೆಳತಿ ಎರಡನೇ ಕಾಫಿ ಕುಡಿದದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಇಲ್ಲಿ. ಬೇಡ ಅಂದರೆ ಅವನಿಗೆ ಬೇಜಾರಾಗುತ್ತೆ ಅನ್ನುವುದು ಒಂದು. ಬೇಜಾರಾದರೆ ಅವನು ಏನಾಗುತ್ತಾನೋ ಅನ್ನುವುದು ಅದರ ಕೆಳಗೆ ಅಡಗಿ ಕೂತ ಇನ್ನೊಂದು. ನಗುತ್ತಾ ಕೂತಿರುತ್ತೇವೆ. ನೋಡಿದವರಿಗೆ ಇಬ್ಬರೂ ಖುಷಿಯಾಗಿದ್ದಾರೆ ಅನ್ನಿಸುತ್ತದೆ.

'ಬಾರ್ಬೇರಿಯನ್' ಈ ಲೆಕ್ಕ ಹಾಕುವುದನ್ನೇ ಆಟವಾಗಿಸುತ್ತದೆ. 2022ರದೇ. ನಿರ್ದೇಶಕ ಝ್ಯಾಕ್ ಕ್ರೆಗರ್, 'ನಿಮ್ಮ ಅಂತರಂಗದ ಭಯವನ್ನು ನಂಬಿ' ಅಂತ ಹೇಳುವ ಗೇವಿನ್ ಡಿ ಬೆಕರ್ ಪುಸ್ತಕ ಓದಿ, ಸಣ್ಣ ಸಣ್ಣ ರೆಡ್ ಫ್ಲ್ಯಾಗ್‌ಗಳಿಂದಲೇ ಒಂದು ದೃಶ್ಯ ಕಟ್ಟಲು ಕೂತರು. ಮಳೆ ಸುರಿಯುವ ರಾತ್ರಿ ಟೆಸ್ ತಾನು ಬುಕ್ ಮಾಡಿದ ಬಾಡಿಗೆ ಮನೆಗೆ ಬಂದರೆ ಒಳಗೆ ಕೀತ್ ಅನ್ನುವವನು ಆಗಲೇ ಇದ್ದಾನೆ. ಅವನು ಕೊಟ್ಟ ಟೀಯನ್ನು ಅವಳು ಮುಟ್ಟುವುದಿಲ್ಲ. ವೈನ್ ಬಾಟಲಿಯನ್ನು ಅವಳ ಎದುರೇ ತೆರೆಯಬೇಕು ಅಂತ ಅವನು ಕಾಯುತ್ತಾನೆ. ಅವಳ ಜೊತೆ ನಾವೂ ಎಣಿಸುತ್ತೇವೆ. ಕೊನೆಗೆ ನೋಡಿದರೆ ಕೀತ್ ಒಳ್ಳೆಯವನು. ಕೇಡು ನೆಲಮಾಳಿಗೆಯಲ್ಲಿದೆ. ಟೆಸ್ ತಪ್ಪಿಸಿಕೊಂಡು ಪೊಲೀಸರನ್ನು ಕರೆತಂದರೆ, ಕೊಳಕಾದ ಬಟ್ಟೆಯ ಅವಳನ್ನು ನೋಡಿ ನಶೆಯಲ್ಲಿದ್ದಾಳೆ ಅಂದುಕೊಂಡು ಹೊರಟುಬಿಡುತ್ತಾರೆ. 2017ರ 'ಗೆಟ್ ಔಟ್' ಸಿನಿಮಾದಲ್ಲೂ ಹೀಗೇ. ಪ್ರೇಯಸಿಯ ಮನೆಗೆ ಹೋದ ಗೆಳೆಯನ ಸುದ್ದಿಯಿಲ್ಲ ಅಂತ ರಾಡ್ ಪೊಲೀಸರ ಹತ್ತಿರ ಹೋದರೆ ಅವರು ಬಿದ್ದು ಬಿದ್ದು ನಗುತ್ತಾರೆ. ಕೊನೆಗೆ ಅವನೇ ಕಾರು ಹತ್ತಿ ಬರುತ್ತಾನೆ.

ಹಿಂದಿನ ಸಿನಿಮಾಗಳ ಭಯವೇ ಬೇರೆ. 1987ರ 'ಫೇಟಲ್ ಅಟ್ರಾಕ್ಷನ್' ಸಿನಿಮಾದಲ್ಲಿ ಮದುವೆಯಾದವನ ಜೊತೆ ಎರಡು ದಿನ ಕಳೆದ ಒಂಟಿ ಹೆಣ್ಣೇ ರಾಕ್ಷಸಿ. ಮೊದಲು ತೆಗೆದ ಕೊನೆಯಲ್ಲಿ ಅವಳು ತಾನೇ ಜೀವ ಕಳೆದುಕೊಳ್ಳುತ್ತಿದ್ದಳು. ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ತೋರಿಸಿದಾಗ ಜನಕ್ಕೆ ಅದು ಸಾಕಾಗಲಿಲ್ಲ. ಆಮೇಲೆ ಅವನ ಹೆಂಡತಿಯ ಕೈಯಲ್ಲಿ ಅವಳನ್ನು ಕೊಲ್ಲಿಸಿದರು. ಆ ಸಿನಿಮಾದಲ್ಲಿ ಅವಳಿಗಾಗಿ ಕಾಯುವವರು ಒಬ್ಬರೂ ಇಲ್ಲ ಅನ್ನುವುದನ್ನು ನಾನು ಗಮನಿಸಿದ್ದೇ ಈಚೆಗೆ.

ಈಗ ಗೋಪುರ ಫೋನಿನೊಳಗೆ ಬಂದಿದೆ. ಐಫೋನಿನಲ್ಲಿ 2023ರಿಂದ ಚೆಕ್ ಇನ್ ಅಂತ ಒಂದಿದೆ. ಹೇಳಿದ ಹೊತ್ತಿಗೆ ಮನೆ ಸೇರದಿದ್ದರೆ ನಿಮ್ಮವರಿಗೆ ತಾನೇ ತಿಳಿಸುತ್ತದೆ. ಟಿಂಡರ್ 2024ರಲ್ಲಿ ಭೇಟಿಯ ವಿವರವನ್ನು ಗೆಳೆಯರಿಗೆ ಕಳಿಸುವ ಸೌಲಭ್ಯ ತಂದಿತು. ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ 2016ರಲ್ಲಿ ಶುರುವಾದದ್ದು ನನಗೆ ಇವೆರಡಕ್ಕಿಂತ ಹತ್ತಿರವಾದದ್ದು. ಡೇಟ್‌ನಲ್ಲಿ ಭಯವಾದರೆ ಬಾರಿನ ಕೌಂಟರಿಗೆ ಹೋಗಿ ಏಂಜೆಲಾ ಇದ್ದಾರಾ ಅಂತ ಕೇಳಬೇಕು. ಅಲ್ಲಿನವರಿಗೆ ಅರ್ಥವಾಗುತ್ತದೆ, ಸದ್ದಿಲ್ಲದೆ ಹೊರಗೆ ಕಳಿಸಿಕೊಡುತ್ತಾರೆ. ಇದನ್ನು ಯೋಚಿಸಿದವರಿಗೆ 'ಬೇಡ' ಅನ್ನುವುದು ಎಷ್ಟು ಕಷ್ಟ ಅಂತ ಗೊತ್ತಿತ್ತು.

ಫೋನಿನ ಗೋಪುರಕ್ಕೆ ಯಾರು ಬೇಕಾದರೂ ಹತ್ತಬಹುದು ಅನ್ನುವ ಹೆದರಿಕೆ 2025ರ 'ಡ್ರಾಪ್' ಸಿನಿಮಾದ್ದು. ವಯಲೆಟ್ ವಿಧವೆ. ಹೊಡೆಯುವ ಗಂಡನ ಜೊತೆ ಬಾಳಿದವಳು. ವರ್ಷಗಳಾದ ಮೇಲೆ ಮೊದಲ ಡೇಟ್, ಎತ್ತರದ ಕಟ್ಟಡದ ಮೇಲಿನ ರೆಸ್ಟೋರೆಂಟಿನಲ್ಲಿ. ಮನೆಯಲ್ಲಿ ಮಗನನ್ನು ಒಡಹುಟ್ಟಿದವಳು ನೋಡಿಕೊಳ್ಳುತ್ತಿದ್ದಾಳೆ. ಫೋನಿಗೆ ಅಪರಿಚಿತ ಮೆಸೇಜ್‌ಗಳು ಬೀಳತೊಡಗುತ್ತವೆ. ಮನೆಯ ಕ್ಯಾಮೆರಾ ನೋಡು ಅನ್ನುತ್ತವೆ. ನೋಡಿದರೆ ಮುಖವಾಡ ಹಾಕಿದವನು ಒಳಗಿದ್ದಾನೆ. ಎದುರು ಕೂತವನನ್ನು ನೀನು ಕೊಲ್ಲದಿದ್ದರೆ ಮಗು ಉಳಿಯಲ್ಲ. ಕಾವಲಿಗೆ ಇಟ್ಟ ಕ್ಯಾಮೆರಾದಿಂದಲೇ ಅವಳನ್ನು ಕಟ್ಟಿಹಾಕುತ್ತಾರೆ. ಅದೇ ವರ್ಷದ 'ಕಂಪ್ಯಾನಿಯನ್' ಇನ್ನೂ ಒಂಟಿ ಕಥೆ. ಐರಿಸ್ ಯಂತ್ರದ ಹುಡುಗಿ, ಅದು ಅವಳಿಗೇ ಗೊತ್ತಿಲ್ಲ. ಅವಳ ಬುದ್ಧಿ ಎಷ್ಟಿರಬೇಕು ಅನ್ನುವುದು ಅವಳ ಪ್ರಿಯಕರ ಜೋಶ್‌ನ ಫೋನಿನಲ್ಲಿದೆ. ನೂರಕ್ಕೆ 40ರಲ್ಲಿ ಇಟ್ಟಿದ್ದಾನೆ. ರಜೆಗೆ ಹೋದ ಮನೆಯಲ್ಲಿ ಇರುವವರೆಲ್ಲ ಅವನ ಕಡೆಯವರು. 'ತಲುಪಿದೆಯಾ' ಅಂತ ಕೇಳಲು ಅವಳಿಗೆ ಈ ಜಗತ್ತಿನಲ್ಲಿ ಒಂದು ಜೀವವಿಲ್ಲ. ಯಂತ್ರಕ್ಕಾಗಿ ನಾನು ಅತ್ತದ್ದು ಅದೇ ಮೊದಲು.

ಇವೆಲ್ಲ ಅಪರಿಚಿತರ ಭಯ. ನಿಜದ ಲೆಕ್ಕ ಇನ್ನೂ ಕಹಿ. 2023ರಲ್ಲಿ ಜಗತ್ತಿನಲ್ಲಿ ಸುಮಾರು 51,100 ಹೆಂಗಸರು ಮತ್ತು ಹುಡುಗಿಯರನ್ನು ಕೊಂದದ್ದು ಸಂಗಾತಿ ಅಥವಾ ಮನೆಯವರೇ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ದಿನಕ್ಕೆ 140. ಮೊದಲ ಭೇಟಿಯ ರಾತ್ರಿಯ ಮೆಸೇಜಿಗೆ ನಾವು ಕಾಯುತ್ತೇವೆ. ನೂರನೇ ರಾತ್ರಿಗೆ ಯಾರು ಕಾಯುತ್ತಾರೆ? ಮದುವೆಯಾಗಿ ಮೂರು ವರ್ಷವಾದವಳನ್ನು 'ಸೇರಿದೆಯಾ' ಅಂತ ಯಾರೂ ಕೇಳಲ್ಲ. ಸೇರಿದ ಮನೆ ಹೇಗಿದೆ ಅಂತಲೂ ಕೇಳಲ್ಲ, ಅಲ್ವಾ? ನೀಲಿಗಡ್ಡದವನ ಹೆಂಡತಿಗೆ ಮದುವೆ ಆಗಿಹೋಗಿತ್ತು. ಆದರೂ ಆ್ಯನ್ ಅಲ್ಲಿದ್ದಳು.

ಕೊನೆಗೆ ನೋಡಿದ್ದು 2014ರ 'ಇಟ್ ಫಾಲೋಸ್'. ಜೇ ಒಬ್ಬನ ಜೊತೆ ಓಡಾಡುತ್ತಾಳೆ. ಅವನು ಹೇಳಿದ ಹೆಸರು ಸುಳ್ಳು, ಇದ್ದ ಮನೆ ಸುಳ್ಳು ಹೆಸರಲ್ಲಿ ಬಾಡಿಗೆಗೆ ಹಿಡಿದದ್ದು. ಅವನೊಂದಿಗೆ ಮಲಗಿದ ಮೇಲೆ ಏನೋ ಒಂದು ಅವಳ ಹಿಂದೆ ನಡೆಯತೊಡಗುತ್ತದೆ. ಓಡುವುದಿಲ್ಲ, ನಿಲ್ಲುವುದೂ ಇಲ್ಲ. ದಿನಕ್ಕೊಂದು ಮುಖ. ಅದು ಅವಳಿಗೆ ಕಾಣುತ್ತದೆ, ಜೊತೆಗಿರುವ ತಂಗಿಗೆ, ಗೆಳೆಯರಿಗೆ ಕಾಣುವುದಿಲ್ಲ. ಆದರೂ ಅವರು ಅವಳ ಮನೆಯಲ್ಲೇ ಮಲಗುತ್ತಾರೆ, ಅವಳ ಜೊತೆ ಊರು ಬಿಟ್ಟು ಹೊರಡುತ್ತಾರೆ, ತಮಗೆ ಕಾಣದ್ದಕ್ಕೆ ಕಾವಲು ಕೂರುತ್ತಾರೆ. ಕಾಣದಿದ್ದರೂ ನಂಬುತ್ತಾರೆ. ಆ ದೃಶ್ಯಗಳನ್ನು ನಾನು ಎರಡೆರಡು ಸಲ ನೋಡಿದೆ.

ನಮ್ಮ ಒಪ್ಪಂದಕ್ಕೆ ಈಗ ಒಂದು ಸಾಲು ಸೇರಿಸಿದ್ದೇವೆ. ಒಂಬತ್ತಕ್ಕೆ ನಾನು ಫೋನ್ ಮಾಡುತ್ತೇನೆ, ಮಾತಿನ ನಡುವೆ ಬಂದರೂ ಸರಿ. ಏಳಬೇಕು ಅನ್ನಿಸಿದ್ದರೆ ಅವಳು 'ಅಯ್ಯೋ, ಈಗಲೇ ಬರ್ತೀನಿ' ಅಂದರೆ ಸಾಕು. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಹೋದ ಶನಿವಾರ ಅವಳು ಇನ್ನೊಬ್ಬನನ್ನು ನೋಡಲು ಹೋದಳು. ಒಂಬತ್ತಕ್ಕೆ ಫೋನ್ ಮಾಡಿದೆ. ಹಿಂದೆ ಪಾತ್ರೆ ಸದ್ದು, ಯಾರೋ ನಗುತ್ತಿದ್ದರು, ಅವಳೂ ನಗುತ್ತಿದ್ದಳು. 'ಚೆನ್ನಾಗಿದೀನಿ ಕಣೇ, ಇಡು,' ಅಂದಳು.

ಆ ನಗು ನನಗೆ ಗೊತ್ತು. ಅದು ಅವಳದೇ. ಫೋನ್ ಇಟ್ಟೆ. ಮೆಸೇಜ್ ಬರುವವರೆಗೆ ಲೈಟ್ ಮಾತ್ರ ಆರಿಸಲಿಲ್ಲ.